ಆನ್‌ಲೈನ್ ದೀಕ್ಷೆ ದೀಕ್ಷೆಯೇ? (ಚರ್ಚೆ)

ಕಾವೇರಿತೀರ:
2020ರ ಮೇ ತಿಂಗಳು, ಲಾಕ್‌ಡೌನ್ ಸಮಯ. ದಲೈ ಲಾಮಾ ಹಿಮಾಚಲದ ಧರ್ಮಶಾಲಾದಲ್ಲೇ ಕೂತು ಎರಡು ದಿನ ಅವಲೋಕಿತೇಶ್ವರ (ಕರುಣೆಯ ಬೋಧಿಸತ್ವ) ದೀಕ್ಷೆ ಕೊಟ್ಟರು. ಎಲ್ಲವೂ ಇಂಟರ್‌ನೆಟ್‌ನಲ್ಲಿ. ಬೈಲುಕುಪ್ಪೆಯಲ್ಲಿ ನನಗೆ ಪರಿಚಯದವರು ಫೋನಿನ ಮುಂದೆ ದೀಪ ಹಚ್ಚಿಟ್ಟು ನೋಡಿದರು. ಅವರ ಭಕ್ತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ನನ್ನ ವಾದ ಇದು: ಉಪದೇಶ ಫೋನಿನಲ್ಲಿ ಬರಲಿ, ದೀಕ್ಷೆ ಬೇಡ. ಟಿಬೆಟಿನವರ ವಜ್ರಯಾನ ಪಂಥದಲ್ಲಿ ಗುರು ಶಿಷ್ಯನ ಮುಖ ನೋಡಬೇಕು, ಶಿಷ್ಯ ವ್ರತ ಒಪ್ಪಿಕೊಳ್ಳಬೇಕು. ಮಧ್ಯದಲ್ಲಿ ನಿಲ್ಲಿಸಿ ಕಾಫಿ ಕುಡಿದು ಬರುವುದಕ್ಕೆ ಅದೇನು ಧಾರಾವಾಹಿಯಾ?

ಸುಧಾ_ಉಜಿರೆ:
ಕಾಫಿ ಕುಡಿದರೆ ದೀಕ್ಷೆ ಕೆಡ್ತದಾ ಮಾರಾಯ್ರೆ? 2017ರಲ್ಲಿ ಬೋಧಗಯಾದಲ್ಲಿ ದಲೈ ಲಾಮಾ ಕೊಟ್ಟ ಕಾಲಚಕ್ರ ದೀಕ್ಷೆಗೆ ಲಕ್ಷಕ್ಕಿಂತ ಜಾಸ್ತಿ ಜನ ಸೇರಿದ್ದರು. ಹಿಂದೆ ಕೂತವರು ನೋಡಿದ್ದು ದೊಡ್ಡ ಪರದೆಯನ್ನೇ. ಅವರಿಗೆ ಸಿಕ್ಕಿದ್ದು ದೀಕ್ಷೆ, ಮನೆಯಲ್ಲಿ ಕೂತವರಿಗೆ ಸಿಕ್ಕಿದ್ದು ಧಾರಾವಾಹಿ. ಇದು ಯಾವ ಲೆಕ್ಕ?

ಪಾಳಿಪಾಠ:
ಪರದೆ ಅಂದಿರಲ್ಲ, ಅದಕ್ಕೊಂದು ಮಾತು. ವಿಪಶ್ಯನಾ ಧ್ಯಾನ ಕಲಿಸುತ್ತಿದ್ದ ಗೋಯೆಂಕಾ ತೀರಿಕೊಂಡದ್ದು 2013ರಲ್ಲಿ. ಇವತ್ತಿಗೂ ಹತ್ತು ದಿನದ ವಿಪಶ್ಯನಾ ಶಿಬಿರಗಳಲ್ಲಿ ಸೂಚನೆ ಕೊಡುವುದು ಅವರ ಧ್ವನಿಮುದ್ರಣ, ಸಂಜೆ ಪ್ರವಚನ ಅವರ ವಿಡಿಯೋ. ತಮಾಷೆ ಏನೆಂದರೆ, ಶಿಬಿರಕ್ಕೆ ಬಂದವರ ಫೋನನ್ನು ಮೊದಲ ದಿನವೇ ತೆಗೆದಿಡುತ್ತಾರೆ. ಪುಸ್ತಕದ ವಿಷಯಕ್ಕೆ ಬಂದರೂ ಅಷ್ಟೇ. 1954-56ರಲ್ಲಿ ಯಾಂಗೊನ್‌ನಲ್ಲಿ ಆರನೇ ಸಂಗೀತಿ (ಭಿಕ್ಷುಗಳ ಮಹಾಸಭೆ) ನಡೆದು ತಿಪಿಟಕ, ಅಂದರೆ ಪಾಳಿ ಭಾಷೆಯ ಬೌದ್ಧ ಗ್ರಂಥಗಳು, ಪರಿಷ್ಕಾರವಾಯಿತಲ್ಲ, ಆ ಪಾಠವನ್ನು ಗೋಯೆಂಕಾ ಅವರದೇ ಇಗತ್‌ಪುರಿಯ ಸಂಸ್ಥೆ ಸಿಡಿಗೆ ಹಾಕಿ ಹಂಚಿತು. ಈಗ ಅದು ಕನ್ನಡ ಲಿಪಿಯಲ್ಲೇ ಪುಕ್ಕಟೆ ಓದಲು ಸಿಗುತ್ತದೆ. ನಾನು ಪಾಳಿ ಕಲಿಯುವಾಗ ಇದ್ಯಾವುದೂ ಇರಲಿಲ್ಲ.

ಕಾವೇರಿತೀರ:
ಶಿಬಿರದಲ್ಲಿ ವಿಡಿಯೋ ಪಕ್ಕ ಸಹಾಯಕ ಆಚಾರ್ಯರು ಕೂತಿರುತ್ತಾರೆ ಸರ್. ಆ ಸಂಗತಿ ಯಾಕೆ ಬಿಟ್ಟಿರಿ? ನಾನು ಕೇಳುತ್ತಿರುವುದೂ ಅದನ್ನೇ. ಎದುರಿಗೆ ಒಬ್ಬ ಮನುಷ್ಯ ಬೇಕು.

ನೀಲಿಬಾವುಟ:
ಮುಖ ನೋಡಬೇಕು, ಎದುರಿಗೆ ಬೇಕು... 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರಿಗೆ ಒಟ್ಟಿಗೇ ದೀಕ್ಷೆ ಕೊಟ್ಟರು. ಒಬ್ಬೊಬ್ಬರನ್ನೇ ಕರೆದು ಮುಖ ನೋಡಿದರಾ? ಅದೇ ವರ್ಷ ಮೇ ತಿಂಗಳಲ್ಲಿ, ತನಗೆ ಬೌದ್ಧಧರ್ಮ ಯಾಕೆ ಇಷ್ಟ ಅಂತ ಬಿಬಿಸಿ ರೇಡಿಯೋದಲ್ಲಿ ಮಾತಾಡಿದ್ದರು. ರೇಡಿಯೋ ಆಗಬಹುದು, ಮೊಬೈಲ್ ಆಗಬಾರದಾ?

ಕಾವೇರಿತೀರ:
ನಾನು ಹೇಳಿದ್ದು ವಜ್ರಯಾನದ ದೀಕ್ಷೆಯ ಬಗ್ಗೆ. ನಾಗಪುರದ್ದು ಬೇರೆ ರೀತಿಯದು.

ನೀಲಿಬಾವುಟ:
"ಬೇರೆ ರೀತಿಯದು." ಅಂದರೆ ಕೆಳಗಿನದ್ದು. ಬಿಡಿಸಿ ಹೇಳಿ ಸ್ವಾಮಿ, ಸಂಕೋಚ ಯಾಕೆ? ಲಾಮಾಗಳು ಕೊಟ್ಟರೆ ದೀಕ್ಷೆ, ನಾವು ತಗೊಂಡರೆ ಸಭೆ. ನಮ್ಮ ಹುಡುಗರು ಬಾಬಾಸಾಹೇಬರು ದೀಕ್ಷೆಯಲ್ಲಿ ಕೊಟ್ಟ 22 ಪ್ರತಿಜ್ಞೆ ಕಲಿತದ್ದು ವಾಟ್ಸಾಪಿನಿಂದ. ಊರಲ್ಲಿ ಹೇಳಿಕೊಡುವ ಭಂತೇಜಿ (ಭಿಕ್ಷು) ಎಲ್ಲಿದ್ದರು? ನಿಮ್ಮ ಹಾಗೆ ಮಠದ ಪಕ್ಕ ಮನೆ ಎಲ್ಲರಿಗೂ ಇರುವುದಿಲ್ಲ.

ಕಾವೇರಿತೀರ:
ನಾನು ಬರೆಯದೇ ಇರುವುದನ್ನು ಓದಿದರೆ ಏನು ಮಾಡಲಿ.

ಮಸ್ಕಿಮಗ:
ರೇಡಿಯೋ, ವಾಟ್ಸಾಪ್ ಎಲ್ಲಾ ಆಮೇಲೆ ಬಂದವು ಬಿಡ್ರಿ. ಬುದ್ಧನ ಮಾತನ್ನು ಎದುರಿಗೆ ಗುರು ಇಲ್ಲದೆ ಜನರಿಗೆ ಮುಟ್ಟಿಸಿದ್ದು ಅಶೋಕ, ಅದೂ ನಮ್ಮ ರಾಯಚೂರು ಸೀಮೆಯ ಬಂಡೆ ಮೇಲೆ. 1915ರಲ್ಲಿ ಮಸ್ಕಿ ಶಾಸನ ಸಿಗುವ ತನಕ ಶಾಸನಗಳಲ್ಲಿ ಬರುವ "ದೇವಾನಾಂಪ್ರಿಯ" ಅನ್ನುವ ರಾಜ ಅಶೋಕನೇ ಅಂತ ಕಲ್ಲಿನ ಸಾಕ್ಷಿ ಇರಲಿಲ್ಲ. ಮಸ್ಕಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳ, ಚಿತ್ರದುರ್ಗದ ಬ್ರಹ್ಮಗಿರಿ. ಇಷ್ಟು ಕಡೆ ಒಂದೇ ಸಂದೇಶ ಕೆತ್ತಿಸಿದ. ಆಗಿನ ಕಾಲದ ಫಾರ್ವರ್ಡ್ ಅನ್ನಿ ಬೇಕಾದರೆ.

ಬಂಡೆಗಲ್ಲು:
"ಬುದ್ಧನ ಮಾತನ್ನು ಮುಟ್ಟಿಸಿದ" ಅಂತೆ! ಶಾಸನ ಓದಿದ್ದೀರಾ, ಇಲ್ಲ ಬೋರ್ಡ್ ಮಾತ್ರ ಓದಿದ್ದೀರಾ? ಬ್ರಹ್ಮಗಿರಿಯಲ್ಲಿ ಇರುವುದು ತಂದೆತಾಯಿ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿಸಿ, ಸತ್ಯ ಹೇಳಿ, ಗುರುಗಳನ್ನು ಗೌರವಿಸಿ ಅಂತ. ನಾಲ್ಕು ಆರ್ಯಸತ್ಯ ಎಲ್ಲಿ? ನಿರ್ವಾಣ ಎಲ್ಲಿ? ಸುವರ್ಣಗಿರಿಯ ಆರ್ಯಪುತ್ರನಿಂದ (ರಾಜಕುಮಾರ) ಇಸಿಲ ಅನ್ನುವ ಊರಿನ ಮಹಾಮಾತ್ರರಿಗೆ (ಅಧಿಕಾರಿಗಳು) ಹೋದ ಸರ್ಕಾರಿ ಸುತ್ತೋಲೆ ಅದು.

ಮಸ್ಕಿಮಗ:
ಸುತ್ತೋಲೆಯಾ? ಅದೇ ಬ್ರಹ್ಮಗಿರಿ ಕಲ್ಲಿನ ಮೇಲಿನ ಸಾಲು ಯಾಕೆ ನುಂಗಿದಿರಿ? ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಉಪಾಸಕನಾಗಿದ್ದೇನೆ (ಬುದ್ಧನ ಗೃಹಸ್ಥ ಅನುಯಾಯಿ), ಸಂಘದ ಹತ್ತಿರ ಹೋಗಿ ವರ್ಷಕ್ಕೂ ಮೇಲಾಯಿತು ಅಂತಾನೆ. ಯಾವ ಇಲಾಖೆಯ ಸುತ್ತೋಲೆಯಲ್ಲಿ ಸಾಹೇಬರು ತಮ್ಮ ದೀಕ್ಷೆಯ ಕತೆ ಬರೀತಾರೆ? ಮಸ್ಕಿಯಲ್ಲಂತೂ ಶಾಕ್ಯ ಅನ್ನುವ ಮಾತೇ ಇದೆ, ಅದು ಬುದ್ಧನ ಕುಲದ ಹೆಸರು.

ಬಂಡೆಗಲ್ಲು:
ತಾನು ಉಪಾಸಕ ಅಂತ ಹೇಳಿಕೊಂಡ, ನೀವೂ ಆಗಿ ಅನ್ನಲಿಲ್ಲ. ಇನ್ನೂ ಬೇಕಾದರೆ ನಿಮ್ಮ ಕಡೆಯ ಸನ್ನತಿಗೇ ಹೋಗಿ. ಕಾಳಿ ದೇವಸ್ಥಾನದಲ್ಲಿ ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಸಿಕ್ಕಿದ್ದು ಅಶೋಕನ ಹನ್ನೆರಡನೇ ಬಂಡೆ ಶಾಸನ. ಎಲ್ಲ ಪಂಥಗಳನ್ನೂ ಗೌರವಿಸಿ, ನಿಮ್ಮ ಪಂಥವನ್ನೇ ಹೊಗಳಿಕೊಂಡು ಬೇರೆಯದನ್ನು ಹಳಿಯಬೇಡಿ ಅಂತ ಅದರಲ್ಲಿದೆ. ಇದು ಬೌದ್ಧ ಪ್ರಚಾರವಾ?

ಮಸ್ಕಿಮಗ:
ಬೈರಾಟ್ ಶಾಸನ. ಏಳು ಬೌದ್ಧ ಪಾಠಗಳ ಹೆಸರು ಹಾಕಿ, ಪದೇ ಪದೇ ಕೇಳಿ, ಮನನ ಮಾಡಿ ಅಂತ ಬರೆಸಿದ್ದಾನೆ. ಮುಗೀತು.

ಬಂಡೆಗಲ್ಲು:
ಬೈರಾಟ್ ರಾಜಸ್ಥಾನದಲ್ಲಿದೆ. ಬರೆದದ್ದು ಸಂಘಕ್ಕೆ, ಊರ ಜನಕ್ಕಲ್ಲ. ನೀವು ಶುರು ಮಾಡಿದ್ದು ರಾಯಚೂರು ಸೀಮೆಯ ಬಂಡೆ ಅಂತ.

ಮಸ್ಕಿಮಗ:
ಭಿಕ್ಷು, ಭಿಕ್ಷುಣಿ, ಉಪಾಸಕ, ಉಪಾಸಿಕಾ ನಾಲ್ಕೂ ಹೆಸರು ಅಲ್ಲಿವೆ. ಉಪಾಸಕ ಅಂದರೆ ಊರ ಜನ ಅಲ್ದೆ ಮತ್ತ್ಯಾರು? ಅರ್ಧ ಓದಿ ವಾದ ಮಾಡುವ ಚಟ ಬಿಡಿ.

ಬಂಡೆಗಲ್ಲು:
ಊರ ಅಭಿಮಾನವನ್ನು ಇತಿಹಾಸ ಅಂತ ಮಾರುವ ಚಟ ನೀವು ಮೊದಲು ಬಿಡಿ.

ಸುಧಾ_ಉಜಿರೆ:
ಇಬ್ಬರೂ ಸ್ವಲ್ಪ ನೀರು ಕುಡೀರಿ. ಕಾಫಿ ಬೇಡ, ದೀಕ್ಷೆ ಕೆಡ್ತದೆ.

ಪಾಳಿಪಾಠ:
ಜಗಳದ ಮಧ್ಯೆ ಒಂದು ಮುಖ್ಯ ಸಂಗತಿ ಹೋಗಿಬಿಟ್ಟಿತು. ಸನ್ನತಿಯಲ್ಲಿ ಸಿಕ್ಕಿದ್ದು ಹನ್ನೆರಡನೇ ಶಾಸನ ಒಂದೇ ಅಲ್ಲ, ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಇರುವಂಥ ಪ್ರತ್ಯೇಕ ಶಾಸನಗಳೂ ಇವೆ. ಅವುಗಳ ಪ್ರಕಾರ ನಾಲ್ಕು ತಿಂಗಳಿಗೊಮ್ಮೆ ತಿಷ್ಯ ನಕ್ಷತ್ರದ ದಿನ ಇದನ್ನು ಕೇಳಿಸಬೇಕು. ಸುಮ್ನೆ ಕೆತ್ತಿ ಬಿಟ್ಟರೆ ಸಾಲದು, ಯಾರಾದರೂ ನಿಂತು ಓದಿ ಹೇಳಬೇಕು. ಆಗ ಈ ಕಡೆ ಪ್ರಾಕೃತ ಎಷ್ಟು ಜನಕ್ಕೆ ಬರುತ್ತಿತ್ತು? ಬ್ರಾಹ್ಮಿ ಎಷ್ಟು ಜನ ಓದುತ್ತಿದ್ದರು? ಕನ್ನಡ ಲಿಪಿಯ ತಿಪಿಟಕಕ್ಕೂ ಇದೇ ಗತಿ. ಅಕ್ಷರ ಕನ್ನಡ, ಭಾಷೆ ಪಾಳಿ. ಗಾಂಧಿನಗರದ ಮಹಾಬೋಧಿ ಸೊಸೈಟಿಯವರು ವರ್ಷಗಟ್ಟಲೆ ಕೂತು ಕನ್ನಡಕ್ಕೆ ತರುತ್ತಾ ಬಂದಿದ್ದಾರೆ. ಅದಕ್ಕೂ ಮುಂಚೆ ರಾಜರತ್ನಂ ಪಾಳಿ ಕಲಿತು ಬರೆದರು. ಆ ಕೆಲಸ ಯಾವ ಆ್ಯಪಿನಿಂದಲೂ ಆಗಿಲ್ಲ.

ಮಸ್ಕಿಮಗ:
ನೋಡಿ, ಕೇಳಿಸಬೇಕು ಅಂತ ಕಲ್ಲೇ ಹೇಳುತ್ತದೆ. ಪ್ರಚಾರ ಅಲ್ಲ ಅಂದವರು ಎಲ್ಲಿ?

ಬಂಡೆಗಲ್ಲು:
ಇಲ್ಲೇ ಇದ್ದೇನೆ. ಆ ಪ್ರತ್ಯೇಕ ಶಾಸನಗಳು ಅಧಿಕಾರಿಗಳಿಗೆ ಬರೆದವು. ಜನರನ್ನು ಸುಮ್ಮನೆ ಬಂಧಿಸಬೇಡಿ, ಹಿಂಸೆ ಕೊಡಬೇಡಿ ಅಂತ ಧೌಲಿಯಲ್ಲಿದೆ. ಮತ್ತೆ ಸುತ್ತೋಲೆಯೇ ಆಯಿತು. ಪಾಳಿಪಾಠ ಸರ್‌ಗೆ ಥ್ಯಾಂಕ್ಸ್.

ಪಾಳಿಪಾಠ:
ನಾನು ಹೇಳಿದ್ದು ನಿಮ್ಮಿಬ್ಬರ ಪರವಾಗಿಯೂ ಅಲ್ಲ.

ಕಾವೇರಿತೀರ:
ಓದಿ ಹೇಳುವ ಮನುಷ್ಯ ಬೇಕು ಅಂದಿರಲ್ಲ, ನನಗೆ ಅಷ್ಟು ಸಾಕು. ಇಲ್ಲದಿದ್ದರೆ ಏನಾಗುತ್ತದೆ ಅಂತ ಥಾಯ್ಲೆಂಡ್ ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕಿನ ಇಬ್ಬರು ಭಿಕ್ಷುಗಳು ಫೇಸ್‌ಬುಕ್ ಲೈವ್‌ನಲ್ಲಿ ನಗೆ ಚಟಾಕಿ ಹಾರಿಸುತ್ತಾ ಧರ್ಮ ಹೇಳಿದರು. ಒಂದೇ ಹೊತ್ತಿಗೆ 2 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಸಂಸತ್ತಿನ ಸಮಿತಿ ಕರೆದು ವಿಚಾರಿಸಿತು. ವರ್ಷ ಮುಗಿಯುವಷ್ಟರಲ್ಲಿ ಇಬ್ಬರೂ ಚೀವರ (ಭಿಕ್ಷುವಿನ ವಸ್ತ್ರ) ಬಿಟ್ಟು ಗೃಹಸ್ಥರಾದರು.

ಸುಧಾ_ಉಜಿರೆ:
ನಕ್ಕಿದ್ದಕ್ಕೆ ಬಿಟ್ಟರು ಅಂತ ನಿಮಗೆ ಹೇಳಿದ್ದು ಯಾರು? ಎರಡು ಘಟನೆ ಅಕ್ಕಪಕ್ಕ ಇಟ್ಟು ಕಾರಣ ಮಾಡ್ತೀರಿ. ಮತ್ತೆ, 2 ಲಕ್ಷ ಹುಡುಗರು ರಾತ್ರಿ ಕೂತು ಭಿಕ್ಷುಗಳ ಮಾತು ಕೇಳಿದ್ದು ನಿಮಗೆ ಸೋಲಾಗಿ ಕಾಣುತ್ತದೆ! ಆ ಇಬ್ಬರ ಎದುರಿಗೆ ಮನುಷ್ಯರೇ ಇದ್ದರಲ್ಲ, ಫೋನಿನ ಆಚೆ.

ನೀಲಿಬಾವುಟ:
ಕಾವೇರಿತೀರ ಅವರು ಥಾಯ್ಲೆಂಡಿಗೆ ಹೋದರು, ಬ್ಯಾಂಕಾಕಿಗೆ ಹೋದರು. ನಾಗಪುರಕ್ಕೆ ಮಾತ್ರ ಬರಲಿಲ್ಲ. ಲಕ್ಷಾಂತರ ಜನಕ್ಕೆ ಒಟ್ಟಿಗೆ ಕೊಟ್ಟದ್ದು ದೀಕ್ಷೆ ಹೌದೋ ಅಲ್ವೋ? ಒಂದೇ ಪದದಲ್ಲಿ ಹೇಳಿ.

ಕಾವೇರಿತೀರ:
ಹೌದು. ಆದರೆ ಅವರೆಲ್ಲ ಆ ಮೈದಾನಕ್ಕೆ ನಡೆದುಕೊಂಡು ಬಂದಿದ್ದರು.

ನೀಲಿಬಾವುಟ:
"ಆದರೆ" ಇಲ್ಲದೆ ನಿಮಗೆ ನಮ್ಮ ಬಗ್ಗೆ ಒಂದು ವಾಕ್ಯ ಬರೆಯಲು ಆಗುವುದಿಲ್ಲ. ಸಾಕು.

ಮಸ್ಕಿಮಗ:
ಬಂಡೆಗಲ್ಲು ಅವರೇ, ಉಪಾಸಿಕಾ ಪದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಬಂಡೆಗಲ್ಲು:
ಹನ್ನೆರಡನೇ ಶಾಸನಕ್ಕೆ ನಿಮ್ಮದೂ ಬಂದಿಲ್ಲ. ನಾಳೆ ಬನ್ನಿ, ನಾನು ಎಲ್ಲಿಗೂ ಹೋಗುವುದಿಲ್ಲ.