ಊರಲ್ಲಿ ಹೆಂಗಸರಿಗೆ ಹೊಡೆಯೋದು ನಿಲ್ಲಬೇಕು, ಎಲ್ಲಿಂದ ಶುರು ಮಾಡೋದು? ಅನುಭವ ಇದ್ದವರು ಹೇಳಿ

ಮಳವಳ್ಳಿ ಕಡೆಯಿಂದ ಪ್ರಶ್ನೆ:
ನಮ್ಮದು ಸ್ತ್ರೀಶಕ್ತಿ ಸಂಘ. ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ ಹೆಣ್ಣಿನ ಮೇಲಿನ ದೌರ್ಜನ್ಯದ ವಿರುದ್ಧ ಎಲ್ಲ ಕಡೆ 16 ದಿನ ಕಾರ್ಯಕ್ರಮ ಮಾಡುತ್ತಾರಲ್ಲ, ಈ ಸಲ ನಾವೂ ಮಾಡೋಣ ಅಂತಿದ್ದೇವೆ. ಜಾಥಾ, ಬ್ಯಾನರ್, ಒಂದು ಬೀದಿ ನಾಟಕ ಅಂತ ಮಾತಾಗಿದೆ. ಹಿರಿಯರು ಮಾತ್ರ 'ಮನೆ ವಿಚಾರ ಬೀದಿಗೆ ಯಾಕೆ ತರ್ತೀರಮ್ಮ' ಅನ್ನುತ್ತಿದ್ದಾರೆ. ಇಂಥದ್ದು ಮಾಡಿದವರು ದಯವಿಟ್ಟು ಹೇಳಿ.

ನಾಗಮಂಗಲ ಕಡೆಯಿಂದ, ಅಂಗನವಾಡಿಯಲ್ಲಿ ಕೆಲಸ ಮಾಡಿದವಳು:
ಜಾಥಾ ಮಾಡಿ ಅಕ್ಕ, ಬೇಡ ಅನ್ನಲ್ಲ. ಆದರೆ ಮಾರನೇ ದಿನ ಒಬ್ಬಳು ಬಂದು 'ನಿನ್ನೆ ನೀವು ಹೇಳಿದ್ದು ನನಗೇ ಆಗ್ತಿದೆ' ಅಂದರೆ ಅವಳನ್ನು ಯಾರು, ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ? ಅದು ಗೊತ್ತಾದ ಮೇಲೆ ಬ್ಯಾನರ್ ಬರೆಸಿ. ನಮ್ಮ ಕಡೆ ಮೊದಲು ಮಾಡಿದ್ದು ಇದನ್ನೇ. ಸಂಘದಲ್ಲಿ ಇಬ್ಬರು ಗಟ್ಟಿ ಹೆಂಗಸರನ್ನು ಆರಿಸಿ, ಸಿಡಿಪಿಓ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಹೋಗಿ ಮುಖ ಪರಿಚಯ ಮಾಡಿಕೊಂಡು ಬಂದರು. ನಮ್ಮ ರಾಜ್ಯದಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಗೆ ಸಂರಕ್ಷಣಾಧಿಕಾರಿ, ಅಂದರೆ ದೂರು ತೆಗೆದುಕೊಂಡು ಮ್ಯಾಜಿಸ್ಟ್ರೇಟ್‌ಗೆ ಮುಟ್ಟಿಸುವವರು, ಅವರೇ, ಸುಮಾರು ಜನಕ್ಕೆ ಇದು ಗೊತ್ತೇ ಇಲ್ಲ. ಸಿಡಿಪಿಓ ಅಂದರೆ ಅಂಗನವಾಡಿ ಮೊಟ್ಟೆ ಲೆಕ್ಕ ಅಷ್ಟೇ ಅಂದುಕೊಂಡಿರುತ್ತಾರೆ.

ಇನ್ನೊಂದು. ನಮ್ಮ ಹೆಂಗಸರು ದೂರು ಕೊಡದಿರೋಕೆ ದೊಡ್ಡ ಕಾರಣ 'ಗಂಡ ಜೈಲಿಗೆ ಹೋದ್ರೆ ಕಬ್ಬಿನ ಗದ್ದೆ ಯಾರು ನೋಡ್ತಾರೆ, ಮಕ್ಕಳ ಗತಿ ಏನು' ಅನ್ನೋ ಭಯ. 2005ರ ಈ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹಾಗಲ್ಲ ಅಂತ ಬಿಡಿಸಿ ಹೇಳಬೇಕು. ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿದರೆ ಹೊಡೆಯಬಾರದು, ಮನೆಯಿಂದ ಹೊರಗೆ ಹಾಕಬಾರದು, ಖರ್ಚಿಗೆ ಇಷ್ಟು ಕೊಡಬೇಕು ಅಂತ ಆದೇಶ ಕೇಳಬಹುದು. ಮನೆ ಅವಳ ಹೆಸರಲ್ಲಿ ಇಲ್ಲದಿದ್ದರೂ ಅಲ್ಲೇ ಇರುವ ಹಕ್ಕು ಇದೆ. ಜೈಲಿನ ಮಾತು ಬರುವುದು ಅವನು ರಕ್ಷಣಾ ಆದೇಶ ಮುರಿದರೆ, ಆಗ ಒಂದು ವರ್ಷದವರೆಗೆ ಸಜೆ, ಇಲ್ಲ 20,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಇಷ್ಟು ಹೇಳಿದ ಮೇಲೆ ಹಿಂದಿನ ಸಾಲಲ್ಲಿ ಸುಮ್ನೆ ಕೂತಿದ್ದವರು ಮುಂದೆ ಬಂದು ಪ್ರಶ್ನೆ ಕೇಳುತ್ತಾರೆ. ಹೆಂಡತಿಗೆ ಮಾತ್ರ ಅಲ್ಲ, ಅದೇ ಮನೆಯಲ್ಲಿರುವ ತಾಯಿ, ಅಕ್ಕ ತಂಗಿಯರಿಗೂ ಈ ಕಾಯ್ದೆ ಇದೆ. ಮಗನ ಏಟು ತಿನ್ನುವ ಮುದುಕಿಯರು ನಮ್ಮೂರುಗಳಲ್ಲಿ ಕಡಿಮೆ ಇಲ್ಲ.

ವಕೀಲರ ಫೀಸಿಗೆ ಹೆದರುವುದು ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆ ಉಚಿತ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಬಸ್ಸಂತೂ 2023ರ ಜೂನ್‌ನಿಂದ ಫ್ರೀ. 'ಚಾರ್ಜಿಗೆ ದುಡ್ಡು ಕೊಡಿ' ಅಂತ ಗಂಡನನ್ನೇ ಕೇಳಬೇಕಿದ್ದ ಕಾಲ ಹೋಯಿತು, ಕೇಸು ನಡೆಸೋರಿಗೆ ಇದು ಸಣ್ಣ ವಿಷಯ ಅಲ್ಲ.

ಮೈಸೂರಿಂದ, ವಠಾರದಲ್ಲಿರುವವಳು:
ನೀವು ಹೆಂಗಸರಿಗೆ ಧೈರ್ಯ ಹೇಳುವುದಕ್ಕಿಂತ ಅಕ್ಕಪಕ್ಕದ ಮನೆಯವರ ಹತ್ತಿರ ಜಾಸ್ತಿ ಮಾತಾಡಿ. 2008ರಲ್ಲಿ 'ಬೆಲ್ ಬಜಾವೋ' ಅಂತ ಒಂದು ಪ್ರಚಾರ ಬಂದಿತ್ತು, ಟೀವಿಯಲ್ಲೂ ಬರುತ್ತಿತ್ತು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ, ಏನೋ ಒಂದು ನೆಪ ಹೇಳಿ, ಅಷ್ಟೇ. ನಮ್ಮ ವಠಾರದಲ್ಲಿ ಈಗಲೂ ಅದನ್ನೇ ಮಾಡುತ್ತೇವೆ. 'ಅಕ್ಕಾ, ಸ್ವಲ್ಪ ಹೆಪ್ಪಿಗೆ ಮೊಸರು ಇದೆಯಾ?' ಆ ಹೊತ್ತಿಗೆ ಎತ್ತಿದ ಕೈ ಇಳಿಯುತ್ತದೆ. ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. 'ನಿಮ್ಮ ಮನೇಲಿ ಗಲಾಟೆ ಕೇಳಿಸ್ತು' ಅಂತ ಅವನ ಮುಂದೆ ಹೇಳಬೇಡಿ, ಆಮೇಲೆ ಅದರ ಸೇಡು ಅವಳ ಮೇಲೇ. ರಕ್ತ, ಕತ್ತಿ, ಬೆಂಕಿ ಅಂತಿದ್ದರೆ ಮೊಸರು ಗಿಸರು ಬಿಟ್ಟು 112ಕ್ಕೆ ಫೋನ್ ಮಾಡಿ.

'ನಾವು ಹೇಳಿದರೆ ನಮ್ಮ ಮೇಲೇ ಕೇಸ್ ಆದ್ರೆ?' ಅಂತ ಎಲ್ಲರೂ ಕೇಳುತ್ತಾರೆ. ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆ ಮನಸ್ಸಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. ನಾಟಕದಲ್ಲಿ ಬೇರೇನೂ ಇಲ್ಲದಿದ್ದರೂ ಈ ಒಂದು ಮಾತು ಇರಲಿ.

ಪಾಂಡವಪುರದಿಂದ, ಗಂಡಸು:
ನಾನೂ ಒಂದು ಹೇಳಲಾ. ನಿಮ್ಮ ಜಾಥಾಕ್ಕೆ ಗಂಡಸರು ಬರಲ್ಲ, ಅರಳಿಕಟ್ಟೆ ಮೇಲೆ ಕೂತು ನೋಡುತ್ತಾರೆ. ಡೇರಿಗೆ ಹಾಲು ಹಾಕೋಕೆ ಮಾತ್ರ ಎಲ್ಲರೂ ಬರುತ್ತಾರೆ, ಅಲ್ಲಿ ಹಿಡಿಯಿರಿ. ಭಾಷಣ ಬೇಡ, ಊರಲ್ಲಿ ಬೆಲೆ ಇರುವ ಒಬ್ಬ ಗಂಡಸು ಮಾತಾಡಲಿ. ಎಲ್ಲರೂ ಹೇಳೋದು 'ಕುಡಿದಾಗ ಹೊಡೀತಾನೆ, ಇಲ್ದಿದ್ರೆ ಒಳ್ಳೆಯವನು' ಅಂತ. ಎಷ್ಟು ಕುಡಿದರೂ ಡೇರಿ ಸೆಕ್ರೆಟರಿಗೆ ಹೊಡೆಯಲ್ಲ ಅಲ್ವಾ ಅವನು? ಇದನ್ನು ಕೇಳಿ ನೋಡಿ, ಮೊದಲು ನಗುತ್ತಾರೆ, ಆಮೇಲೆ ಮಾತಿಗೆ ಕೂರುತ್ತಾರೆ. 'ನಮ್ಮೂರಲ್ಲಿ ಅಂಥದ್ದೇನೂ ಇಲ್ಲ' ಅನ್ನೋರಿಗೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ದೌರ್ಜನ್ಯ ಆಗಿದೆ ಅಂದಿದ್ದಾರೆ. ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಬೆಲ್ಲ ಬಿಟ್ಟು ಭ್ರೂಣದ ಲಿಂಗ ಪತ್ತೆ ನಡೆಯುತ್ತಿದ್ದದ್ದು ಹೊರಗೆ ಬಂದಿದ್ದೂ 2023ರಲ್ಲೇ. ಹೆಣ್ಣು ಹೆತ್ತಳು ಅಂತ ಏಟು ತಿನ್ನೋದು, ಇದು, ಎಲ್ಲಾ ಒಂದೇ ಬೇರು.

ಮದ್ದೂರಿಂದ:
ಕೋರ್ಟು ಗೀರ್ಟು ಯಾಕೆ? ಹಿರಿಯರನ್ನು ಕೂರಿಸಿ ರಾಜಿ ಮಾಡಿ, ಒಂದು ಮುಚ್ಚಳಿಕೆ ಬರೆಸಿಕೊಂಡರೆ ಸಾಕು. ಸಂಸಾರ ಉಳಿಯುತ್ತದೆ.

ನಾಗಮಂಗಲದವಳೇ ಮತ್ತೆ:
ಅಣ್ಣ, ಮುಚ್ಚಳಿಕೆ ಮುರಿದರೆ ಏನಾಗುತ್ತದೆ? ಇನ್ನೊಂದು ಮುಚ್ಚಳಿಕೆ. ನಮ್ಮ ಕಡೆ ಒಂದೇ ಮನೆಗೆ ಕಂತೆ ಬಿದ್ದಿವೆ. ರಾಜಿಯಲ್ಲಿ 'ನೀನೂ ಸ್ವಲ್ಪ ಬಾಯಿ ಬಿಗಿ ಹಿಡಿಯಮ್ಮ' ಅನ್ನೋ ಮಾತು ಬರದೇ ಇರಲ್ಲ, ಹೊಡೆದವನ ತಪ್ಪಲ್ಲಿ ಅರ್ಧ ಅವಳಿಗೆ ಹಂಚಿದ ಹಾಗೆ. ಅವಳಿಗೆ ಸಂಸಾರ ಬೇಕಿದ್ದರೆ ಇರಲಿ, ಬೇಡ ಅನ್ನೋಕೆ ನಾವ್ಯಾರು. ಕೋರ್ಟಿನ ರಕ್ಷಣಾ ಆದೇಶ ಇಟ್ಟುಕೊಂಡೂ ಸಂಸಾರ ಮಾಡಬಹುದು. ಹಿರಿಯರು ಬೇಕೇ ಬೇಕು ಅಂದರೆ ಅವಳ ಜೊತೆ ಸಂಘದ ಇಬ್ಬರು ಕೂರಲಿ, ಅವಳ ಮಾತು ಮೊದಲು ಆಗಲಿ.

ಮಳವಳ್ಳಿಯವರು:
ತುಂಬಾ ಥ್ಯಾಂಕ್ಸ್. ಇನ್ನೆರಡು ಕೇಳಬೇಕಿತ್ತು. ಗೃಹಲಕ್ಷ್ಮಿ ದುಡ್ಡು ಗಂಡ ಕಿತ್ತುಕೊಂಡರೆ ಅದೂ ಇದರಲ್ಲಿ ಬರುತ್ತದಾ? ಆಮೇಲೆ ಕರಪತ್ರ ಮನೆಮನೆಗೆ ಹಂಚಬಹುದಾ?

ಮೈಸೂರಿನವಳು:
ಬರುತ್ತದೆ. ದುಡ್ಡು, ಒಡವೆ ಕಿತ್ತುಕೊಳ್ಳುವುದು, ಖರ್ಚಿಗೆ ಕೊಡದಿರುವುದು ಆರ್ಥಿಕ ದೌರ್ಜನ್ಯ, ಅದೇ ಕಾಯ್ದೆಯಲ್ಲೇ ಇದೆ. ಕರಪತ್ರ ಮಾತ್ರ ಮನೆಗೆ ಕೊಡಬೇಡಿ, ಹಾಸಿಗೆ ಕೆಳಗೆ ಸಿಕ್ಕಿದರೆ ಅದಕ್ಕೇ ಏಟು ಬೀಳುತ್ತದೆ. ಅಂಗನವಾಡಿ ಗೋಡೆ, ರೇಷನ್ ಅಂಗಡಿ, ಆಸ್ಪತ್ರೆಯ ಹೆಂಗಸರ ಟಾಯ್ಲೆಟ್ ಬಾಗಿಲ ಒಳಬದಿ, ಇಂಥ ಕಡೆ 181 ಅಂತ ದೊಡ್ಡದಾಗಿ ಬರೆಸಿ. ಅದು ಮಹಿಳಾ ಸಹಾಯವಾಣಿ, ಮೂರೇ ಅಂಕಿ, ಓದು ಬಾರದವರಿಗೂ ನೆನಪಿರುತ್ತದೆ. ಫೋನ್ ಮಾಡಿದ ಮೇಲೆ ಆ ನಂಬರ್ ಅಳಿಸುವುದು ಹೇಗೆ ಅಂತ ಸಂಘದ ಮೀಟಿಂಗಿನಲ್ಲೇ ಎಲ್ಲರಿಗೂ ಕಲಿಸಿಬಿಡಿ.