ಅಪ್‌ಡೇಟ್: ಹಳೇ ಭಾವಚಿತ್ರದಲ್ಲಿ ಇರೋದು ನಮ್ಮ ಮುತ್ತಜ್ಜಿನೇ, ಜೊತೆಗೆ ಇನ್ನೊಬ್ಬರೂ ಇದ್ದಾರೆ

ಮನೆಯಲ್ಲಿರೋ ಹೆಂಗಸಿನ ಚಿತ್ರ ಕೈಯಿಂದ ಬರೆದಿದ್ದೋ ಅಚ್ಚಾದ ಪ್ರತಿಯೋ, ಅದು ನಿಜಕ್ಕೂ ಮುತ್ತಜ್ಜಿಯದೇನಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಭೂತಗನ್ನಡಿಯಲ್ಲಿ ನೋಡಿದೆ, ಅಚ್ಚಿನ ಚುಕ್ಕಿಗಳಿಲ್ಲ, ಬ್ರಷ್ಷಿನ ಗೆರೆಗಳೇ ಇವೆ. ಸಹಿ ಹುಡುಕಿದ್ದರಿಂದಾಗಲೀ ಗೂಗಲ್ ಲೆನ್ಸ್‌ನಿಂದಾಗಲೀ ಏನೂ ಸಿಗಲಿಲ್ಲ. ಒದ್ದೆ ಹತ್ತಿಯಲ್ಲಿ ಒರೆಸಿ ಅಂದವರ ಮಾತು ಮಾತ್ರ ಕೇಳಲಿಲ್ಲ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಬಿರುಕು ಬಿಟ್ಟ ಬಣ್ಣ ಎದ್ದುಬರುತ್ತೆ.

ಕೆಲಸ ಮಾಡಿದ್ದು ನೇರಳಾತೀತ ಟಾರ್ಚ್. ಕತ್ತಲೆ ಕೋಣೆಯಲ್ಲಿ ಹಿಡಿದಾಗ ಹಳೇ ವಾರ್ನಿಶ್ ಹಸಿರಾಗಿ ಹೊಳೀತು, ಮಡಿಲಿನ ಹತ್ತಿರ ಮಾತ್ರ ಕಪ್ಪು ಕಲೆ. ಆಮೇಲೆ ಮೇಲಿಂದ ಹಚ್ಚಿದ ಬಣ್ಣ ಹಾಗೆ ಕಾಣುತ್ತಂತೆ. ಮಾಮೂಲಿ ಟಾರ್ಚನ್ನೇ ಪಕ್ಕದಿಂದ ಓರೆಯಾಗಿ ಬಿಟ್ಟರೆ ಅಲ್ಲೊಂದು ಪುಟ್ಟ ಕೈ! ಬೆರಳುಗಳ ಉಬ್ಬು ಕೂಡ ಸ್ಪಷ್ಟ.

ಆ ಕೈ ಕಾಣೋ ಹಾಗೆ ತೆಗೆದ ಫೋಟೋ ನೋಡಿ ದೊಡ್ಡಮ್ಮ ತುಂಬಾ ಹೊತ್ತು ಅತ್ತರು. ಅಜ್ಜನಿಗಿಂತ ಮೊದಲು ಮುತ್ತಜ್ಜಿಗೆ ಒಬ್ಬಳು ಮಗಳಿದ್ದಳಂತೆ, ಚಿಕ್ಕವಳಿದ್ದಾಗಲೇ ತೀರಿಹೋದಳಂತೆ. ಮುತ್ತಜ್ಜಿಯ ಸಂಕಟ ನೋಡಲಾರದೆ ಮುತ್ತಜ್ಜನೇ ಮಗುವಿನ ಚಿತ್ರದ ಮೇಲೆ ಬಣ್ಣ ಹಚ್ಚಿಸಿದರಂತೆ. ನಮ್ಮ ವಂಶವೃಕ್ಷದಲ್ಲಿ ಅವಳಿಗೆ ಜಾಗವೇ ಇರಲಿಲ್ಲ, ಈಗ ಸೇರಿಸಿದ್ದೀವಿ.

ಮೇಲಿನ ಬಣ್ಣ ತೆಗೆಸಲ್ಲ, ಅದೂ ಮನೆಯ ಕಥೆಯೇ. ಅಡಿಯಲ್ಲಿರೋ ಮಗುವಿನ ಮುಖ ನೋಡೋಕೆ ಎಕ್ಸ್-ರೇ ಸಾಕು ಅಂತ ಚಿತ್ರ ಸಂರಕ್ಷಕರು ಅಂದ್ರು. 1920ರ ದಶಕದಲ್ಲಿ ಟೈಟಾನಿಯಂ ಬಿಳಿ ಬರೋಕೆ ಮುಂಚೆ ಮುಖಕ್ಕೆ ಹೆಚ್ಚಾಗಿ ಸೀಸದ ಬಿಳಿಯನ್ನೇ ಬಳಸ್ತಿದ್ರಂತೆ, ಎಕ್ಸ್-ರೇಯಲ್ಲಿ ಅದು ಬೆಳ್ಳಗೆ ಎದ್ದು ಕಾಣುತ್ತೆ. ಮುಂದಿನ ತಿಂಗಳು ಮಾಡಿಸ್ತೀವಿ.