ಹಾರ್ಮೋನ್ ಮಾತ್ರೆ ಶುರುವಾದ ಮೇಲೆ ಮತ್ತೆ ರಕ್ತ ಕಾಣಿಸಿದೆ, ಯಾರಿಗಾದರೂ ಹೀಗಾಗಿದೆಯಾ?

ಕೇಳಿದವರು: ಆಲ್ದೂರು ಕಡೆ, 51 ವರ್ಷ

ನನಗೆ ಮುಟ್ಟು ನಿಂತು ಒಂದೂವರೆ ವರ್ಷ ಆಗಿತ್ತು. ರಾತ್ರಿ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗುವುದು, ಬೆವರಿಗೆ ನೈಟಿ ಒದ್ದೆಯಾಗುವುದು, ನಿದ್ದೆ ಇಲ್ಲ, ಸುಮ್ನೆ ಸುಮ್ನೆ ಸಿಟ್ಟು. ಚಿಕ್ಕಮಗಳೂರಿನಲ್ಲಿ ತೋರಿಸಿದಾಗ ಡಾಕ್ಟರು ಎಚ್‌ಆರ್‌ಟಿ, ಅಂದರೆ ಮುಟ್ಟು ನಿಂತವರಿಗೆ ಕೊಡುವ ಹಾರ್ಮೋನ್ ಚಿಕಿತ್ಸೆ, ಶುರು ಮಾಡಿದರು. ದಿನಾ ಬೆಳಿಗ್ಗೆ ಈಸ್ಟ್ರೋಜನ್ ಮಾತ್ರೆ, ರಾತ್ರಿ ಪ್ರೊಜೆಸ್ಟರಾನ್ ಕ್ಯಾಪ್ಸೂಲ್. ಅದು ದೀಪಾವಳಿ ಹೊತ್ತಿಗೆ. ನಿದ್ದೆ ಬಂತು, ಬಿಸಿಯೂ ಕಡಿಮೆಯಾಯಿತು. ಈಗ ಕಾಫಿ ಕೊಯ್ಲು ಜೋರಾಗಿ ನಡೆಯುವಾಗಲೇ ಒಂದು ವಾರದಿಂದ ಕಂದು ಕಲೆ ಕಾಣಿಸುತ್ತಿದೆ, ಎರಡು ದಿನ ಕೆಂಪಗೇ ಹೋಯಿತು. ನಮ್ಮತ್ತೆ ಮಾತ್ರೆ ಬಿಟ್ಟುಬಿಡು ಅನ್ನುತ್ತಾರೆ. ಪಕ್ಕದ ತೋಟದ ಅಕ್ಕ, ಈ ವಯಸ್ಸಲ್ಲಿ ಗರ್ಭಕೋಶ ಇಟ್ಟುಕೊಂಡು ಏನು ಮಾಡಬೇಕು, ತೆಗೆಸಿಬಿಡು ಅಂದರು. ಡಾಕ್ಟರು ಬರಲು ಹೇಳಿರುವುದು ಮುಂದಿನ ತಿಂಗಳು. ಅಲ್ಲಿವರೆಗೆ ಕಾಯಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸಕಲೇಶಪುರ, 56 ವರ್ಷ

ಮೊದಲಿಗೆ, ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಅದರಲ್ಲೂ ಪ್ರೊಜೆಸ್ಟರಾನ್ ಒಂದನ್ನು ಬಿಟ್ಟು ಈಸ್ಟ್ರೋಜನ್ ಮಾತ್ರ ತಗೊಳ್ಳುವುದು ಬೇಡವೇ ಬೇಡ. ಬಿಸಿ, ಬೆವರು, ನಿದ್ದೆಗೆ ಕೆಲಸ ಮಾಡುವುದು ಮುಖ್ಯವಾಗಿ ಈಸ್ಟ್ರೋಜನ್. ಆದರೆ ಗರ್ಭಕೋಶ ಇರುವವರಲ್ಲಿ ಅದು ಒಳಪದರವನ್ನೂ ಬೆಳೆಸುತ್ತಾ ಹೋಗುತ್ತದೆ. ಹಾಗೇ ಬಿಟ್ಟರೆ ವರ್ಷಗಳು ಕಳೆದ ಹಾಗೆ ಕ್ಯಾನ್ಸರ್ ಭಯವೂ ಜಾಸ್ತಿ. ಅದನ್ನು ತಡೆಯಲೆಂದೇ ರಾತ್ರಿಯ ಆ ಕ್ಯಾಪ್ಸೂಲ್. ಅದರಿಂದ ಸ್ವಲ್ಪ ಮಂಪರು ಬರುತ್ತದೆ, ಅದಕ್ಕೇ ಮಲಗುವಾಗ ತಗೊಳ್ಳಿ ಅನ್ನುವುದು.

ನನ್ನ ಕಥೆ ಹೀಗೆ. ನಾನು ಶುರು ಮಾಡಿದಾಗ ಮುಟ್ಟು ಪೂರ್ತಿ ನಿಂತಿರಲಿಲ್ಲ, ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಅಂಥವರಿಗೆ ಈಸ್ಟ್ರೋಜನ್ ದಿನಾ, ಪ್ರೊಜೆಸ್ಟರಾನ್ ತಿಂಗಳಲ್ಲಿ 12ರಿಂದ 14 ದಿನ ಮಾತ್ರ ಕೊಡುತ್ತಾರೆ. ಆ ಕ್ಯಾಪ್ಸೂಲ್ ಮುಗಿಯುವ ಹೊತ್ತಿಗೆ ಮುಟ್ಟಿನ ಹಾಗೇ ರಕ್ತ ಹೋಗುತ್ತದೆ. ಅದು ಬರಬೇಕಾದ್ದೇ, ಅದಕ್ಕೆ ಹೆದರಬೇಕಿಲ್ಲ. ಬೇರೆ ದಿನಗಳಲ್ಲಿ ಬಂದರೆ ಅಥವಾ ತುಂಬಾ ಜಾಸ್ತಿ ಹೋದರೆ ಮಾತ್ರ ಹೇಳಬೇಕು. ಆಮೇಲೆ ನನಗೂ ನಿಮ್ಮ ಹಾಗೆ ಎರಡನ್ನೂ ದಿನಾ ಕೊಡಲು ಶುರು ಮಾಡಿದರು. ಮುಟ್ಟು ನಿಂತು ಒಂದು ವರ್ಷ ದಾಟಿದವರಿಗೆ ಸಾಮಾನ್ಯವಾಗಿ ಕೊಡುವುದು ಇದೇ ಕ್ರಮ. ಇದರಲ್ಲಿ ಕೊನೆಗೆ ರಕ್ತ ಪೂರ್ತಿ ನಿಲ್ಲಬೇಕು, ಆದರೆ ಒಳಪದರ ಹೊಂದಿಕೊಳ್ಳುವವರೆಗೆ, ಅಂದರೆ ಮೊದಲ ಮೂರರಿಂದ ಆರು ತಿಂಗಳು, ಹೇಳದೆ ಕೇಳದೆ ಕಲೆ ಕಾಣಿಸುವುದು ತುಂಬಾ ಜನರಿಗೆ ಆಗುತ್ತದೆ. ನನಗೂ ಆಯಿತು. ಸಂತೆಗೆ ಹೋಗಬೇಕಾದರೂ ಪ್ಯಾಡ್ ಇಟ್ಟುಕೊಂಡೇ ಹೋಗುತ್ತಿದ್ದೆ.

ಆಗ ನಮ್ಮ ಡಾಕ್ಟರು ಒಂದು ಕೆಲಸ ಹೇಳಿದರು. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ವಾ, ಅದರಲ್ಲೇ ಗುರುತು ಹಾಕಿ ಅಂತ. ಬರೀ ಕಲೆ ಆದರೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ. ಪ್ಯಾಡ್ ಬೇಕಾದ ದಿನ ಅಡ್ಡಗೆರೆ. ಮಾತ್ರೆ ತಪ್ಪಿದರೆ ಸೊನ್ನೆ. ಹಾಲು ಅರ್ಧ ಲೀಟರ್, ಒಂದು ಲೀಟರ್ ಅಂತ ಬರೆದದ್ದರ ಮೂಲೆಯಲ್ಲೇ ಹಾಕುತ್ತಿದ್ದೆ. ಮೊದಲ ತಿಂಗಳ ಹಾಳೆ ತುಂಬಾ ಚುಕ್ಕೆ, ಎರಡನೆಯದರಲ್ಲಿ ಕಡಿಮೆ, ಆಮೇಲಿನದರಲ್ಲಿ ಅಲ್ಲೊಂದು ಇಲ್ಲೊಂದು. ಡಾಕ್ಟರು ಆ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹಾಕಿಕೊಂಡು ನೋಡಿ, ಕಡಿಮೆ ಆಗುತ್ತಾ ಬಂದಿದೆ, ಔಷಧಿ ಬದಲಾಯಿಸುವುದು ಬೇಡ ಅಂದರು. ಜಾಸ್ತಿ ಆಗುತ್ತಾ ಹೋಗಿದ್ದರೆ ಅದೇ ಹಾಳೆ ಬೇರೆ ಕಥೆ ಹೇಳುತ್ತಿತ್ತು. ಇವತ್ತೇ ಶುರು ಮಾಡಿ.

ನೀವು ಮುಂದಿನ ತಿಂಗಳವರೆಗೆ ಸುಮ್ನೆ ಕೂರಬೇಕು ಅಂತ ನಾನು ಹೇಳುವುದಿಲ್ಲ. ಮೂರು ತಿಂಗಳಿಗೆ ಕಲೆ ಬಂದಿದೆ ಅಂದರೆ ದಿಗಿಲು ಬೀಳಬೇಕಾದ್ದಿಲ್ಲ, ಆದರೆ ಒಂದು ಫೋನ್ ಮಾಡಿ ತಿಳಿಸಿ.

ಹಾಸನ, ನಿವೃತ್ತ ನರ್ಸ್

ಸಕಲೇಶಪುರದ ಮೇಡಂ ಹೇಳಿದ್ದು ಸರಿ. ನಾನು ವರ್ಷಗಟ್ಟಲೆ ಹೆರಿಗೆ ವಾರ್ಡಿನಲ್ಲೂ ಸ್ತ್ರೀರೋಗದ ಓಪಿಡಿಯಲ್ಲೂ ಕೆಲಸ ಮಾಡಿದವಳು, ಕೆಲವನ್ನು ಸೇರಿಸುತ್ತೇನೆ.

ಬ್ರಿಟಿಷ್ ಮೆನೊಪಾಸ್ ಸೊಸೈಟಿಯವರು 2024ರಲ್ಲಿ ಇದೇ ವಿಷಯಕ್ಕೆ ಮಾರ್ಗಸೂಚಿ ತಂದಿದ್ದಾರೆ. ಎಚ್‌ಆರ್‌ಟಿ ಶುರುವಾದ 6 ತಿಂಗಳೊಳಗೆ, ಅಥವಾ ಡೋಸ್ ಇಲ್ಲವೇ ಔಷಧಿ ಬದಲಾಯಿಸಿದ 3 ತಿಂಗಳೊಳಗೆ ರಕ್ತ ಕಾಣಿಸಿದರೆ, ಬೇರೆ ಅಪಾಯದ ಲಕ್ಷಣ ಇಲ್ಲದವರಲ್ಲಿ ಮೊದಲು ಪರೀಕ್ಷೆ ಮಾಡಿ, ಮಾತ್ರೆ ಹೊಂದಿಸಿ ನೋಡಬಹುದು. ಆ ಗಡುವು ದಾಟಿಯೂ ಹೋಗುತ್ತಿದ್ದರೆ ಸ್ಕ್ಯಾನ್ ಮಾಡಿಸಬೇಕು. ಇನ್ನೊಂದು, ತಿಂಗಳುಗಟ್ಟಲೆ ಒಂದು ಚುಕ್ಕೆಯೂ ಇಲ್ಲದೆ ಆರಾಮಾಗಿದ್ದು ಆಮೇಲೆ ಇದ್ದಕ್ಕಿದ್ದಂತೆ ರಕ್ತ ಬಂದರೆ ಅದನ್ನು ಹೊಂದಾಣಿಕೆ ಅಂತ ತಳ್ಳಿಹಾಕಬೇಡಿ, ತೋರಿಸಿ.

ಗಡುವಿಗೆ ಕಾಯದೆ ಬೇಗ ತೋರಿಸಬೇಕಾದವರೂ ಇದ್ದಾರೆ. ತೂಕ ತುಂಬಾ ಜಾಸ್ತಿ ಇರುವವರು, ಸಕ್ಕರೆ ಕಾಯಿಲೆ ಇರುವವರು, ಮೊದಲಿಂದ ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದವರು, ಸ್ತನ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ತಗೊಂಡಿದ್ದವರು, ಮನೆಯಲ್ಲಿ ಗರ್ಭಕೋಶದ ಅಥವಾ ದೊಡ್ಡಕರುಳಿನ ಕ್ಯಾನ್ಸರ್ ಆದವರಿರುವವರು. ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಾಣಿಸಿದರೂ ಹಾಗೇ. ಇದನ್ನು ನಮ್ಮ ಹೆಂಗಸರು ಬಾಯಿಬಿಟ್ಟು ಹೇಳುವುದೇ ಇಲ್ಲ, ಡಾಕ್ಟರು ಗಂಡಸಾದರಂತೂ ಮುಗಿದೇ ಹೋಯಿತು. ನರ್ಸಿಗಾದರೂ ಹೇಳಿ. ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ದೊಡ್ಡ ಗಡ್ಡೆ ಗಡ್ಡೆಯಾಗಿ ಹೋದರೆ, ತಲೆಸುತ್ತು, ಏದುಸಿರು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಾಸನದವರಿಗೆ ಹಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ದುಡ್ಡಿಲ್ಲ ಅಂತ ಮನೆಯಲ್ಲೇ ಉಳಿಯಬೇಡಿ.

ಮೆಡಿಕಲ್ ಶಾಪಿನಲ್ಲಿ ರಕ್ತ ನಿಲ್ಲುವ ಮಾತ್ರೆ ಕೊಡಿ ಅಂದರೆ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟುಬಿಡುತ್ತಾರೆ. ನೀವಾಗಿ ತಗೊಳ್ಳಬೇಡಿ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಅದು ಅಪಾಯ, ಈಸ್ಟ್ರೋಜನ್ ಮಾತ್ರೆಗೂ ಹೆಪ್ಪುಗಟ್ಟಿಸುವ ಗುಣ ಸ್ವಲ್ಪ ಇದೆ. ಬೇರೆ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತಲೂ ಡಾಕ್ಟರಿಗೆ ಹೇಳಿ. ಟಿಬಿಯ ರಿಫಾಂಪಿಸಿನ್, ಫಿಟ್ಸಿನ ಕಾರ್ಬಮಜೆಪೀನ್, ಫೆನಿಟಾಯಿನ್ ಇವೆಲ್ಲ ಹಾರ್ಮೋನ್ ಮಾತ್ರೆಯ ಬಲ ಕುಗ್ಗಿಸುತ್ತವೆ. ಹೃದಯಕ್ಕೆ ಅಂತ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಲ್ಲಿ ರಕ್ತ ಹೋಗುವುದೂ ಜಾಸ್ತಿ. ವಾಂತಿ ಭೇದಿ ಆದ ವಾರವೂ ಮಾತ್ರೆ ಮೈಗೆ ಹತ್ತದೆ ಕಲೆ ಕಾಣಿಸಬಹುದು.

ಮೂಡಿಗೆರೆ, 53 ವರ್ಷ

ನನಗೆ ಎಂಟನೇ ತಿಂಗಳಲ್ಲಿ ಬಂತು. ಎಲ್ಲರೂ ಹಾರ್ಮೋನಿನದೇ ಅಂದುಕೊಂಡೆವು. ಡಾಕ್ಟರು ಸ್ಪೆಕ್ಯುಲಮ್ (ಯೋನಿ ಅಗಲಿಸಿ ಒಳಗೆ ನೋಡುವ ಸಾಧನ) ಹಾಕಿ ನೋಡಿದರೆ ಗರ್ಭಕೋಶದ ಬಾಯಲ್ಲಿ ಸಣ್ಣ ಪಾಲಿಪ್, ಅಂದರೆ ಮಾಂಸದ ಸಣ್ಣ ಬೆಳವಣಿಗೆ. ಅಲ್ಲೇ ತೆಗೆದು ಪರೀಕ್ಷೆಗೆ ಕಳಿಸಿದರು, ಏನೂ ಕೆಟ್ಟದಿರಲಿಲ್ಲ, ಆಮೇಲೆ ರಕ್ತ ಬರಲಿಲ್ಲ. ಅದಕ್ಕೇ ಹೇಳುವುದು, ಬರೀ ಮಾತಾಡಿ ಚೀಟಿ ಬರೆಸಿಕೊಂಡು ಬರಬೇಡಿ, ಪರೀಕ್ಷೆ ಮಾಡಿ ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಏನು? ಯೋನಿ ಒಣಗಿ ಸಣ್ಣಗೆ ಗಾಯವಾಗಿಯೂ ರಕ್ತ ಬರಬಹುದಂತೆ, ಅದಕ್ಕೆ ಬೇರೆ ಕ್ರೀಮ್ ಇದೆ.

ಬೇಲೂರು, 49 ವರ್ಷ

ಒಂದು ವಿಷಯ ಯಾರೂ ಹೇಳಲಿಲ್ಲ. ಹಾಸನಾಂಬೆ ವರ್ಷಕ್ಕೊಂದೇ ಸಲ ಬಾಗಿಲು ತೆಗೆಯುವುದಲ್ವಾ, ಆ ಹೊತ್ತಿಗೆ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆಗೆ ಎಷ್ಟು ಬೇಡಿಕೆ ಅಂತ ನಮ್ಮೂರ ಮೆಡಿಕಲ್ ಶಾಪಿನವರನ್ನು ಕೇಳಬೇಕು. ನನ್ನ ಓರಗಿತ್ತಿ ಎಚ್‌ಆರ್‌ಟಿಯಲ್ಲಿದ್ದಳು, ಕಲೆ ಕಾಣಿಸುತ್ತಿತ್ತು. ದರ್ಶನಕ್ಕೆ ಹೋಗುವಾಗ ತೊಂದರೆ ಬೇಡ ಅಂತ ಯಾರೋ ನೋರೆಥಿಸ್ಟರಾನ್ ಕೊಡಿಸಿದರು. ತಗೊಂಡಷ್ಟು ದಿನ ರಕ್ತ ನಿಂತಿತು, ಬಿಟ್ಟ ಎರಡು ಮೂರು ದಿನಕ್ಕೆ ಎಲ್ಲ ಸೇರಿಸಿ ಹೋಯಿತು, ಪಾಪ ಕೂರುವುದಕ್ಕೂ ಆಗಲಿಲ್ಲ. ಆ ಮಾತ್ರೆ ಬಿಟ್ಟರೆ ಹಾಗೇ ಆಗುವುದಂತೆ. ಅದೂ ಪ್ರೊಜೆಸ್ಟರಾನ್ ಜಾತಿಯದೇ, ಎಚ್‌ಆರ್‌ಟಿ ಮೇಲೆ ಇನ್ನೊಂದು ಹೇರಿದರೆ ಆಮೇಲೆ ರಕ್ತ ಯಾವುದರಿಂದ ಬಂತು ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಮದುವೆ, ಗೃಹಪ್ರವೇಶ, ಜಾತ್ರೆ ಏನೇ ಇರಲಿ, ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ.

ಅರಸೀಕೆರೆ, ಮಗಳು

ನಾನು ನಮ್ಮ ಅಮ್ಮನ ವಿಷಯ ಹೇಳುತ್ತೇನೆ. ಅಮ್ಮ ಯಾವ ಹಾರ್ಮೋನೂ ತಗೊಂಡವರಲ್ಲ. ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಸೀರೆಗೆ ಕಲೆ ಆಯಿತು. ಉಷ್ಣ ಅಂದರು, ಮೆಂತ್ಯ ನೆನೆಸಿ ಕುಡಿದರು, ಯಾರಿಗೂ ಹೇಳಲಿಲ್ಲ. ಬಟ್ಟೆ ಒಗೆಯುವಾಗ ನಾನು ನೋಡಿದೆ, ಒಳಲಂಗದ ಹಿಂದೆ ಉಜ್ಜಿ ಉಜ್ಜಿ ಬಣ್ಣ ಹೋದ ಗುರುತು. ಕರೆದುಕೊಂಡು ಹೋದೆವು. ಸ್ಕ್ಯಾನಿನಲ್ಲಿ ಒಳಪದರ ದಪ್ಪ ಇತ್ತು, ತೆಳು ಕೊಳವೆ ಹಾಕಿ ಸ್ವಲ್ಪ ಭಾಗ ತೆಗೆದು ಬಯಾಪ್ಸಿಗೆ ಕಳಿಸಿದರು. ಕ್ಯಾನ್ಸರ್. ಪುಣ್ಯಕ್ಕೆ ಮೊದಲ ಹಂತ, ಗರ್ಭಕೋಶ ತೆಗೆದರು, ಅಮ್ಮ ಚೆನ್ನಾಗಿದ್ದಾರೆ. ಇದು ಹೆದರಿಸಲು ಅಲ್ಲ. ಹಾರ್ಮೋನ್ ತಗೊಳ್ಳದೆ, ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದೇ ಒಂದು ಹನಿ ಕಂಡರೂ ಪರೀಕ್ಷೆ ಆಗಲೇಬೇಕು. ಅಲ್ಲಿ ಮೂರು ತಿಂಗಳು, ಆರು ತಿಂಗಳ ಲೆಕ್ಕ ಇಲ್ಲ. ಇದನ್ನು ಓದುವವರಲ್ಲಿ ಅಂಥವರೂ ಇರುತ್ತಾರೆ ಅಂತ ಬರೆದೆ.

ಪ್ಯಾಪ್ ಸ್ಮಿಯರ್ ಸರಿ ಬಂದಿದೆ ಅಂತ ನೆಮ್ಮದಿಯಾಗಿ ಇರಬೇಡಿ. ಅದು ಗರ್ಭಕೋಶದ ಬಾಯಿಗೆ ಮಾಡುವ ಪರೀಕ್ಷೆ, ಒಳಪದರಕ್ಕಲ್ಲ.

ಹಾಸನ, ನಿವೃತ್ತ ನರ್ಸ್

ಅರಸೀಕೆರೆಯವರು ಬರೆದದ್ದು ಒಳ್ಳೆಯದಾಯಿತು. ಆದರೆ ಅದನ್ನು ಓದಿ ಯಾರೂ ನೇರ ಆಪರೇಷನ್‌ಗೆ ಹೋಗಬೇಡಿ. ಅವರ ಅಮ್ಮನಿಗೆ ಬಯಾಪ್ಸಿ ಮಾಡಿ, ಕಾಯಿಲೆ ಗೊತ್ತಾದ ಮೇಲೆ ತೆಗೆದದ್ದು. ಕಲೆ ಕಾಣಿಸಿತು ಅಂತಲೇ ತೆಗೆಸುವುದು ಬೇರೆ. ನಮ್ಮ ಕಡೆ ಮಕ್ಕಳಾದ ಮೇಲೆ ಗರ್ಭಕೋಶ ಬೇಡದ ವಸ್ತು ಅನ್ನುವ ಹಾಗೆ ಮಾತಾಡುತ್ತಾರೆ, ಅದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಅದು ದೊಡ್ಡ ಆಪರೇಷನ್. ಅರಿವಳಿಕೆ, ರಕ್ತಸ್ರಾವ, ಮೂತ್ರಕೋಶಕ್ಕೆ ಪೆಟ್ಟಾಗುವ ಸಾಧ್ಯತೆ ಎಲ್ಲ ಇರುತ್ತದೆ, ಎಷ್ಟೋ ವಾರ ಭಾರ ಎತ್ತುವಂತಿಲ್ಲ. ಯಾರಾದರೂ ತೆಗೆಸಿ ಅಂದರೆ, ಯಾವ ಕಾಯಿಲೆಗೆ, ವರದಿ ಎಲ್ಲಿ, ಬೇರೆ ದಾರಿ ಇಲ್ಲವಾ ಅಂತ ಕೇಳಿ, ಇನ್ನೊಬ್ಬ ಡಾಕ್ಟರಿಗೂ ತೋರಿಸಿ. ಕಾಪರ್-ಟಿ ಹಾಗೆ ಗರ್ಭಕೋಶದ ಒಳಗೆ ಇಡುವ ಹಾರ್ಮೋನ್ ಕಾಯಿಲ್ ಅನ್ನುವ ಸಾಧನ ಇದೆ, ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಬದಲು ಅದನ್ನು ಹಾಕಿದರೆ ಎಷ್ಟೋ ಜನರಿಗೆ ರಕ್ತ ಹೋಗುವುದು ನಿಲ್ಲುತ್ತದೆ.

ಆಲ್ದೂರು, ಕೇಳಿದವರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಫೋನ್ ಮಾಡಿದೆ, ಬನ್ನಿ ಅಂದರು. ಪರೀಕ್ಷೆ ಮಾಡಿದರು, ಗಾಯ, ಪಾಲಿಪ್ ಏನೂ ಇಲ್ಲ. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಸ್ಕ್ಯಾನ್ ಈಗಲೇ ಮಾಡೋಣ ಅಂದರು. ನಾನು ದಾರಿಯುದ್ದಕ್ಕೂ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಹೋಗಿದ್ದೆ, ಇದು ಒಳಗಿಂದ ಮಾಡುವ ಸ್ಕ್ಯಾನ್, ಮೂತ್ರ ಮಾಡಿ ಬನ್ನಿ ಅಂದರು. ಸ್ವಲ್ಪ ಮುಜುಗರ, ಅಷ್ಟೇ, ನೋವಿಲ್ಲ. ಒಳಪದರ 3 ಮಿಲಿಮೀಟರ್ ಅಂತ ಬಂದಿದೆ. ದಿನಾ ಎರಡೂ ಮಾತ್ರೆ ತಗೊಳ್ಳುವವರಿಗೆ 4ರ ಒಳಗಿದ್ದರೆ ನೆಮ್ಮದಿ, ತಿಂಗಳಲ್ಲಿ ಅರ್ಧ ದಿನ ಪ್ರೊಜೆಸ್ಟರಾನ್ ತಗೊಳ್ಳುವವರಿಗೆ 7ರವರೆಗೂ ಪರವಾಗಿಲ್ಲ ಅಂದರು. ಮಾತ್ರೆ ಹಾಗೇ ಮುಂದುವರಿಸಿ, ಕ್ಯಾಲೆಂಡರ್ ತಗೊಂಡು ಬನ್ನಿ ಅಂತ ಹೇಳಿದ್ದಾರೆ. ರಕ್ತಹೀನತೆಗೂ ಪರೀಕ್ಷೆ ಬರೆದಿದ್ದಾರೆ. ಅತ್ತೆಗೆ ಸ್ಕ್ಯಾನ್ ಚೀಟಿ ತೋರಿಸಿ ಹೇಳಿದೆ, ಈಗ ರಾತ್ರಿ ಕ್ಯಾಪ್ಸೂಲ್ ಆಯ್ತಾ ಅಂತ ಅವರೇ ಕೇಳುತ್ತಾರೆ.

ಒಂದು ಪ್ರಶ್ನೆ ಉಳಿದಿದೆ. ಕಲೆ ನಿಲ್ಲದಿದ್ದರೆ ಮುಂದೆ ಈಸ್ಟ್ರೋಜನ್ ಮಾತ್ರೆ ಬದಲು ಜೆಲ್ ಕೊಡಬಹುದು ಅಂದರು. ಆಗಲೂ ರಾತ್ರಿ ಕ್ಯಾಪ್ಸೂಲ್ ಬೇಕಾ?

ಸಕಲೇಶಪುರ, 56 ವರ್ಷ

ಬೇಕು. ಚರ್ಮದ ಮೇಲೆ ಹಚ್ಚಿದರೂ ಈಸ್ಟ್ರೋಜನ್ ರಕ್ತಕ್ಕೇ ಹೋಗುವುದು, ಒಳಪದರಕ್ಕೂ ತಲುಪುತ್ತದೆ. ಜೆಲ್ ಎಷ್ಟು ಪಂಪ್ ಅಂತ ಡಾಕ್ಟರು ಹೇಳಿದಷ್ಟೇ ಹಚ್ಚಿ. ಬಿಸಿ ಜಾಸ್ತಿ ಅಂತ ಒಂದು ಪಂಪ್ ಸೇರಿಸಿಕೊಳ್ಳುವವರಿದ್ದಾರೆ, ಈಸ್ಟ್ರೋಜನ್ ಏರಿ ಪ್ರೊಜೆಸ್ಟರಾನ್ ಅಷ್ಟೇ ಉಳಿದರೆ ಮತ್ತೆ ರಕ್ತ ಶುರುವಾಗಬಹುದು. ತೋಳಿಗೋ ತೊಡೆಗೋ ಹಚ್ಚಿ ಪೂರ್ತಿ ಒಣಗಲು ಬಿಡಿ, ಹಚ್ಚಿದ ತಕ್ಷಣ ಸ್ನಾನ ಬೇಡ, ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದೂ ಬೇಡ. ಬದಲಾಯಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ, ಮೂರು ತಿಂಗಳ ಲೆಕ್ಕ ಆ ದಿನದಿಂದ ಹೊಸದಾಗಿ ಶುರು.